ಅಳತೆಗೋಲು ಯಾರ ಕೈಯಲ್ಲಿದೆ: ಜಾಗತಿಕ ಮಾರುಕಟ್ಟೆ, ಆಡಳಿತ ಮತ್ತು ಪರಿಸರ

ತಮಿಳುನಾಡಿನ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರುವ ನೊಯ್ಯಲ್ ನದಿಗೆ ಒರತ್ತುಪಾಳಯಂ ಎಂಬಲ್ಲಿ ತೊಂಬತ್ತರ ದಶಕದ ಆರಂಭದಲ್ಲಿ ಅಣೆಕಟ್ಟೊಂದನ್ನು ಕಟ್ಟಲಾಯಿತು. ಕೆಳಗಿನ ಹೊಲಗಳಿಗೆ ನೀರುಣಿಸುವುದು ಅದರ ಉದ್ದೇಶವಾಗಿತ್ತು. ಅಣೆಕಟ್ಟಿನ ಮೇಲ್ಭಾಗದಲ್ಲಿರುವ ತಿರುಪ್ಪೂರು ಅದೇ ವರ್ಷಗಳಲ್ಲಿ ಯುರೋಪು, ಅಮೆರಿಕಗಳಿಗೆ ಬನಿಯನ್, ಟೀ ಶರ್ಟುಗಳನ್ನು ಕಳಿಸುವ ದೊಡ್ಡ ಕೇಂದ್ರವಾಗಿ ಬೆಳೆಯುತ್ತಿತ್ತು. ಹತ್ತಿಯ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ಬಣ್ಣದ ತೊಟ್ಟಿಗೆ ಹೇರಳವಾಗಿ ಉಪ್ಪು ಹಾಕಬೇಕು. ಆ ಉಪ್ಪು ಬಟ್ಟೆಯಲ್ಲಿ ಉಳಿಯುವುದಿಲ್ಲ, ತೊಳೆದ ನೀರಿನ ಜೊತೆಗೆ ಹೊರಗೆ ಹೋಗುತ್ತದೆ. ಕೆಲವೇ ವರ್ಷಗಳಲ್ಲಿ ಒರತ್ತುಪಾಳಯಂ ಜಲಾಶಯ ಬಣ್ಣದ ಕಾರ್ಖಾನೆಗಳ ಉಪ್ಪುನೀರನ್ನು ಹಿಡಿದಿಡುವ ಹೊಂಡವಾಯಿತು. ನೀರು ಬಿಡಿ ಎಂದು ಕೇಳಬೇಕಾಗಿದ್ದ ರೈತರು, ದಯವಿಟ್ಟು ಆ ನೀರನ್ನು ನಮ್ಮ ಹೊಲಕ್ಕೆ ಬಿಡಬೇಡಿ ಎಂದು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು, ತ್ಯಾಜ್ಯನೀರಿನ ಒಂದು ಹನಿಯನ್ನೂ ಹೊರಗೆ ಬಿಡದ ವ್ಯವಸ್ಥೆ ಸಿದ್ಧವಾಗುವವರೆಗೆ ಅಲ್ಲಿನ ಏಳುನೂರಕ್ಕೂ ಹೆಚ್ಚು ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು.

ಇದು ಕಾನೂನಿಲ್ಲದ ನಾಡಿನ ಕಥೆಯಲ್ಲ. ಜಲಮಾಲಿನ್ಯ ತಡೆ ಕಾಯಿದೆ 1974ರಲ್ಲೇ ಬಂದಿತ್ತು. ಮಾಲಿನ್ಯ ನಿಯಂತ್ರಣ ಮಂಡಳಿಯೂ ಇತ್ತು, ಅನುಮತಿ ಪತ್ರಗಳೂ ಇದ್ದವು. ಬಟ್ಟೆ ಕೊಳ್ಳುವ ವಿದೇಶಿ ಕಂಪನಿಗಳ ಕಡೆಯಲ್ಲಿ, ಒಗೆದಾಗ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸುವ ಬಿಗಿಯಾದ ಪದ್ಧತಿ ಇತ್ತು. ಬಣ್ಣದ ನೀರು ಎಲ್ಲಿಗೆ ಹೋಯಿತು ಎಂದು ಅಷ್ಟೇ ಬಿಗಿಯಾಗಿ ಕೇಳುವ ಪದ್ಧತಿ ಮಾತ್ರ ಇರಲಿಲ್ಲ. ಕಾನೂನು ಪುಸ್ತಕದಲ್ಲಿತ್ತು, ಬೇಡಿಕೆ ಸಮುದ್ರದಾಚೆ ಇತ್ತು, ನಷ್ಟ ಹೊಳೆಯ ಕೆಳಭಾಗದವರ ಪಾಲಿಗೆ ಬಂತು. ಉದಯೋನ್ಮುಖ ಆರ್ಥಿಕತೆಗಳ ಪರಿಸರದ ಪ್ರಶ್ನೆಯನ್ನು ಚರ್ಚಿಸುವಾಗ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡದಿದ್ದರೆ, ಜಾಗತೀಕರಣ ಕೆಟ್ಟದ್ದೋ ಒಳ್ಳೆಯದೋ ಎಂಬ ಹಳೆಯ ಜಗ್ಗಾಟದಿಂದ ಹೊರಬರುವುದು ಸಾಧ್ಯವಿಲ್ಲ.

ಆ ಜಗ್ಗಾಟಕ್ಕೆ ಒಂದು ಇತಿಹಾಸವಿದೆ. 1991ರಲ್ಲಿ, ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದದ ಚರ್ಚೆ ನಡೆಯುತ್ತಿದ್ದಾಗ, ಜೀನ್ ಗ್ರಾಸ್‌ಮನ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ನಗರಗಳ ಗಾಳಿಯ ಅಂಕಿಅಂಶಗಳನ್ನು ಪರಿಶೀಲಿಸಿದರು. ತಲಾದಾಯ ಏರುವಾಗ ಗಂಧಕದ ಡೈಆಕ್ಸೈಡಿನಂಥ ಮಾಲಿನ್ಯ ಮೊದಲು ಏರಿ, ಒಂದು ಹಂತದ ನಂತರ ಇಳಿಯುತ್ತದೆ ಎಂಬುದು ಅವರಿಗೆ ಕಂಡುಬಂತು. ಬೋರಲು ಹಾಕಿದ ಬಟ್ಟಲಿನಂಥ ಈ ರೇಖೆಗೆ ನಂತರ, ಕುಜ್‌ನೆಟ್ಸ್ ಎಂಬ ಅರ್ಥಶಾಸ್ತ್ರಜ್ಞರ ನೆನಪಿನಲ್ಲಿ, ಪರಿಸರದ ಕುಜ್‌ನೆಟ್ಸ್ ರೇಖೆ ಎಂಬ ಹೆಸರು ಬಿತ್ತು. ಮೊದಲು ಶ್ರೀಮಂತರಾಗಿ, ಆಮೇಲೆ ಪರಿಸರ ತಾನಾಗಿಯೇ ಸರಿಹೋಗುತ್ತದೆ ಎಂದು ವಾದಿಸುವವರಿಗೆ ಅದು ಒಳ್ಳೆಯ ಆಸರೆಯಾಯಿತು. ಈ ವಾದ ಅಪಾಯಕಾರಿ ಎಂದೇ ನಾನು ನಂಬುತ್ತೇನೆ, ಏಕೆಂದರೆ ರೇಖೆ ತಾನಾಗಿ ಬಾಗುವುದಿಲ್ಲ. ಚೀನಾ 2001ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು. 2001ರಿಂದ 2005ರವರೆಗಿನ ಅದರ ಪಂಚವಾರ್ಷಿಕ ಯೋಜನೆ ಗಂಧಕದ ಡೈಆಕ್ಸೈಡನ್ನು ಶೇ 10ರಷ್ಟು ಇಳಿಸುವ ಗುರಿ ಇಟ್ಟುಕೊಂಡಿತ್ತಾದರೂ ಮಾಲಿನ್ಯ ಕಾಲು ಭಾಗಕ್ಕಿಂತ ಹೆಚ್ಚು ಏರಿತು. ಮುಂದಿನ ಐದು ವರ್ಷಗಳಿಗೆ ಅದೇ ಶೇ 10ರ ಗುರಿಯನ್ನು ಕಡ್ಡಾಯಗೊಳಿಸಿ, ಸ್ಥಳೀಯ ಅಧಿಕಾರಿಗಳ ಬಡ್ತಿಯನ್ನು ಅದಕ್ಕೆ ಕಟ್ಟಿಹಾಕಿದಾಗ ಶೇ 14ರಷ್ಟು ಇಳಿಯಿತು. ರಫ್ತು ಎರಡೂ ಅವಧಿಗಳಲ್ಲಿ ಬೆಳೆಯಿತು, ಆದಾಯ ಎರಡರಲ್ಲೂ ಏರಿತು. ಬದಲಾದದ್ದು ಲೆಕ್ಕ ಒಪ್ಪಿಸಬೇಕಾದವರ ಮೇಲಿನ ಒತ್ತಡ. ಅದೇ ವರ್ಷಗಳಲ್ಲಿ ಯಾರನ್ನೂ ಹಾಗೆ ಕಟ್ಟಿಹಾಕದ ಇಂಗಾಲದ ಡೈಆಕ್ಸೈಡು ಏರುತ್ತಲೇ ಹೋಯಿತೆಂಬುದನ್ನೂ ಜೊತೆಯಲ್ಲೇ ಹೇಳಬೇಕು.

ಆಡಳಿತದ ಕೆಲಸವನ್ನು ಬಿಡಿಸಿ ನೋಡಲು ಬ್ರೆಜಿಲಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. 2004ರಲ್ಲಿ ಬ್ರೆಜಿಲಿನ ಅಮೆಜಾನಿನಲ್ಲಿ ಒಂದೇ ವರ್ಷಕ್ಕೆ 27,700 ಚದರ ಕಿಲೋಮೀಟರಿಗೂ ಹೆಚ್ಚು ಕಾಡು ನೆಲಕ್ಕುರುಳಿತು. ಸೋಯಾ ಮತ್ತು ಗೋಮಾಂಸಕ್ಕೆ ವಿದೇಶಿ ಬೇಡಿಕೆ ಏರುತ್ತಿದ್ದ ಕಾಲವದು. ಮರೀನಾ ಸಿಲ್ವಾ ಪರಿಸರ ಸಚಿವೆಯಾಗಿದ್ದ ಆ ವರ್ಷವೇ ಕಾಡುನಾಶ ತಡೆಯುವ ಕಾರ್ಯಯೋಜನೆ ಜಾರಿಗೆ ಬಂತು. ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯಾದ ಇನ್ಪೆ, ಉಪಗ್ರಹ ಚಿತ್ರಗಳನ್ನು ನೋಡಿ ಕಾಡು ಕಡಿಯುವಾಗಲೇ ಎಚ್ಚರಿಕೆ ಕೊಡುವ ವ್ಯವಸ್ಥೆಯನ್ನು ರೂಪಿಸಿತು. ಅಲ್ಲಿಯವರೆಗೆ ಅರಣ್ಯ ಕಾವಲು ಪಡೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಮರಗಳು ಬೂದಿಯಾಗಿರುತ್ತಿದ್ದವು. 2006ರಲ್ಲಿ ಪರಿಸರ ಸಂಘಟನೆಗಳ ಮತ್ತು ಯುರೋಪಿನ ಗ್ರಾಹಕ ಕಂಪನಿಗಳ ಒತ್ತಡಕ್ಕೆ ಮಣಿದು ದೊಡ್ಡ ಸೋಯಾ ವ್ಯಾಪಾರಿಗಳು, ಹೊಸದಾಗಿ ಕಾಡು ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲವೆಂದು ಒಪ್ಪಿಕೊಂಡರು. 2008ರಲ್ಲಿ ಸರ್ಕಾರ ಅತಿ ಹೆಚ್ಚು ಕಾಡು ಕಳೆದುಕೊಳ್ಳುತ್ತಿದ್ದ 36 ಸ್ಥಳೀಯಾಡಳಿತ ಪ್ರದೇಶಗಳ ಪಟ್ಟಿ ಮಾಡಿ ಅಲ್ಲಿ ಕಣ್ಗಾವಲನ್ನು ಬಿಗಿಗೊಳಿಸಿತು. ಅದೇ ವರ್ಷ ಕೇಂದ್ರ ಬ್ಯಾಂಕು, ಪರಿಸರ ನಿಯಮ ಪಾಲಿಸಿದ್ದಕ್ಕೆ ದಾಖಲೆ ತೋರಿಸದವರಿಗೆ ಅಮೆಜಾನ್ ಪ್ರದೇಶದಲ್ಲಿ ಕೃಷಿ ಸಾಲ ಕೊಡಬಾರದೆಂಬ ನಿಯಮ ತಂದಿತು. 2012ರ ಹೊತ್ತಿಗೆ ವಾರ್ಷಿಕ ನಾಶ 4,600 ಚದರ ಕಿಲೋಮೀಟರಿಗಿಂತ ಕೆಳಗಿಳಿದಿತ್ತು. ಈ ಅವಧಿಯಲ್ಲಿ ಸೋಯಾ ಉತ್ಪಾದನೆ ಕುಸಿಯಲಿಲ್ಲ. ಅದಾಗಲೇ ಬಯಲಾಗಿದ್ದ ಹುಲ್ಲುಗಾವಲುಗಳಲ್ಲಿ ಅದು ಬೆಳೆಯಿತು.

ನಂತರ ಏನಾಯಿತೆಂಬುದು ಇನ್ನೂ ಮುಖ್ಯ. 2012ರಲ್ಲಿ ಅರಣ್ಯ ಸಂಹಿತೆಯನ್ನು ತಿದ್ದಿ ಹಳೆಯ ಅಕ್ರಮಗಳಿಗೆ ಕ್ಷಮೆ ಕೊಡಲಾಯಿತು. 2019ರಲ್ಲಿ ಹೊಸ ಸರ್ಕಾರದ ಅಧ್ಯಕ್ಷರು ಇನ್ಪೆಯ ಅಂಕಿಗಳನ್ನೇ ಸುಳ್ಳೆಂದರು, ಸಂಸ್ಥೆಯ ನಿರ್ದೇಶಕ ರಿಕಾರ್ಡೊ ಗಾಲ್ವಾವೊ ಹುದ್ದೆ ಕಳೆದುಕೊಂಡರು. 2021ರಲ್ಲಿ ನಾಶ 13,000 ಚದರ ಕಿಲೋಮೀಟರಿಗೆ ಏರಿತು. ಸರ್ಕಾರ ಬದಲಾಗಿ, ಮರೀನಾ ಸಿಲ್ವಾ ಮತ್ತೆ ಸಚಿವೆಯಾಗಿ, ಕಾವಲು ಪಡೆಗೆ ಬಲ ಬಂದ ಮೇಲೆ 2024ರಲ್ಲಿ ಅದು ಸುಮಾರು 6,300ಕ್ಕೆ ಇಳಿಯಿತು. ಇಪ್ಪತ್ತು ವರ್ಷಗಳ ಈ ಏರಿಳಿತದಲ್ಲಿ ಜಗತ್ತಿನ ಸೋಯಾ ಹಸಿವು ಒಂದೇ ದಿಕ್ಕಿನಲ್ಲಿ ಬೆಳೆಯುತ್ತಿತ್ತು. ಕಾಡಿನ ಅದೃಷ್ಟ ಮಾತ್ರ ಬ್ರೆಸೀಲಿಯಾದಲ್ಲಿ ಅಧಿಕಾರ ಹಿಡಿದವರ ಜೊತೆಗೆ ತಿರುಗುತ್ತಿತ್ತು. ಅಂಕಿಯನ್ನು ನಿರಾಕರಿಸುವ ಸರ್ಕಾರ ಮೊದಲು ಅಳೆಯುವವನನ್ನು ತೆಗೆಯುತ್ತದೆ ಎಂಬುದನ್ನು ಈ ಪ್ರಕರಣ ನೋಡಿದವರು ಮರೆಯಲಾರರು. ಇಷ್ಟಾದರೂ ಯಶಸ್ಸಿನ ಕಥೆಗೆ ಒಂದು ತೂತಿದೆ. ಸೋಯಾ ಒಪ್ಪಂದ ಅಮೆಜಾನಿಗೆ ಮಾತ್ರ ಅನ್ವಯವಾಗಿದ್ದರಿಂದ, ಪಕ್ಕದ ಸೆರಾಡೊ ಎಂಬ ಕುರುಚಲು ಮರ ಮತ್ತು ಹುಲ್ಲಿನ ವಿಶಾಲ ಪ್ರದೇಶದ ಮೇಲೆ ನೇಗಿಲಿನ ಒತ್ತಡ ಹೆಚ್ಚಿತು. ಗೆರೆಯ ಈಚೆ ಕಾವಲಿದ್ದರೆ ಸರಕು ಗೆರೆಯ ಆಚೆ ಬೆಳೆಯುತ್ತದೆ.

ಅಳತೆಯ ಮಾತು ಬಂದಾಗ ಗುಜರಾತಿನ ಪ್ರಯೋಗವೊಂದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿ ಹೆಚ್ಚು ಮಾಲಿನ್ಯ ಮಾಡುವ ಕಾರ್ಖಾನೆಗಳು ಹೊರಗಿನ ಲೆಕ್ಕಪರಿಶೋಧಕರಿಂದ ವರ್ಷಕ್ಕೊಮ್ಮೆ ಪರಿಸರ ತಪಾಸಣೆ ಮಾಡಿಸಿಕೊಳ್ಳಬೇಕೆಂಬ ನಿಯಮ 1996ರಿಂದಲೂ ಇತ್ತು. ತಪಾಸಕನನ್ನು ಆರಿಸುವವನೂ, ಅವನಿಗೆ ಶುಲ್ಕ ಕೊಡುವವನೂ ಕಾರ್ಖಾನೆಯ ಮಾಲೀಕನೇ. ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ ಮತ್ತು ನಿಕೊಲಸ್ ರಯಾನ್ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆಗೂಡಿ 2009ರಿಂದ ಎರಡು ವರ್ಷ ಇದನ್ನು ಪರೀಕ್ಷೆಗೆ ಒಡ್ಡಿದರು. ಹಳೆಯ ಪದ್ಧತಿಯ ವರದಿಗಳ ಪ್ರಕಾರ ಹೊಗೆಯ ಕಣಗಳ ಮಿತಿಯನ್ನು ಮೀರಿದ್ದ ಕಾರ್ಖಾನೆಗಳು ಶೇ 7 ಮಾತ್ರ. ಬೇರೆಯವರು ಹೋಗಿ ಅಳೆದಾಗ ಸಿಕ್ಕಿದ್ದು ಶೇ 59. ಹೊಸ ಪದ್ಧತಿಯಲ್ಲಿ ತಪಾಸಕರನ್ನು ಚೀಟಿ ಎತ್ತಿದಂತೆ ಹಂಚಲಾಯಿತು, ಶುಲ್ಕವನ್ನು ಸಾಮಾನ್ಯ ನಿಧಿಯಿಂದ ನಿಗದಿತ ದರದಲ್ಲಿ ಕೊಡಲಾಯಿತು, ಕೆಲವು ವರದಿಗಳನ್ನು ಮತ್ತೊಬ್ಬರು ಹೋಗಿ ಮರುಪರೀಕ್ಷೆ ಮಾಡಿದರು. ತಪಾಸಕರು ನಿಜ ಬರೆಯತೊಡಗಿದರು, ಅದರ ಹಿಂದೆಯೇ ಕಾರ್ಖಾನೆಗಳೂ ಮಾಲಿನ್ಯ ಇಳಿಸಿದವು. ಮಿತಿಯನ್ನು ಬಿಗಿ ಮಾಡಿರಲಿಲ್ಲ, ಹೊಸ ಕಾಯಿದೆ ಬಂದಿರಲಿಲ್ಲ. ತಪಾಸಕನನ್ನು ಯಾರು ಆರಿಸುತ್ತಾರೆ, ಶುಲ್ಕ ಯಾರ ಜೇಬಿನಿಂದ ಬರುತ್ತದೆ, ವರದಿಯನ್ನು ಯಾರು ಮರುಪರೀಕ್ಷಿಸುತ್ತಾರೆ ಎಂಬುದಷ್ಟೇ ಬದಲಾಗಿತ್ತು.

ಉತ್ತಮ ಆಡಳಿತ ಎಂದಾಗ ಭ್ರಷ್ಟಾಚಾರ ಸೂಚ್ಯಂಕಗಳ ಪಟ್ಟಿಯನ್ನೋ, ಸಚಿವಾಲಯಗಳ ಸಂಖ್ಯೆಯನ್ನೋ ಮುಂದಿಡುವವರಿಗೆ ಈ ಪ್ರಯೋಗವನ್ನು ತೋರಿಸಬೇಕೆಂದು ನನಗೆ ಅನ್ನಿಸುತ್ತದೆ. ಪರಿಸರದ ಮಟ್ಟಿಗೆ ಆಡಳಿತವೆಂದರೆ ಮೂರ್ನಾಲ್ಕು ಸರಳ ಪ್ರಶ್ನೆಗಳಿಗೆ ಸಿಗುವ ಉತ್ತರ: ಅಳೆಯುವವರು ಯಾರು, ಅವರ ಸಂಬಳ ಯಾರದು, ಫಲಿತಾಂಶ ಯಾರಿಗೆ ಕಾಣುತ್ತದೆ, ಕಂಡವರು ಏನು ಮಾಡಬಲ್ಲರು. ಅಧಿಕಾರವನ್ನು ಕೆಳಗಿನ ಹಂತಕ್ಕೆ ಇಳಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯೂ ಈ ಪ್ರಶ್ನೆಗಳ ಮುಂದೆ ನಿಲ್ಲುವುದಿಲ್ಲ. ಸುಹಾರ್ತೊ ಆಳ್ವಿಕೆ ಮುಗಿದ ಮೇಲೆ ಇಂಡೋನೇಷ್ಯಾ ಅಧಿಕಾರವನ್ನು ಜಿಲ್ಲೆಗಳಿಗೆ ಹಂಚಿತು, ಹತ್ತು ವರ್ಷಗಳಲ್ಲಿ ಜಿಲ್ಲೆಗಳ ಸಂಖ್ಯೆ ಮುನ್ನೂರರ ಒಳಗಿನಿಂದ ಐನೂರರ ಹತ್ತಿರಕ್ಕೆ ಬಂತು. ಒಂದು ಪ್ರಾಂತ್ಯದಲ್ಲಿ ಜಿಲ್ಲೆಗಳು ಹೆಚ್ಚಿದಷ್ಟೂ ಮರ ಕಡಿತ ಹೆಚ್ಚಿತೆಂದು ಉಪಗ್ರಹ ಚಿತ್ರಗಳನ್ನು ಆಧರಿಸಿದ ಅಧ್ಯಯನ 2012ರಲ್ಲಿ ತೋರಿಸಿತು. ಪ್ರತಿ ಹೊಸ ಜಿಲ್ಲೆಯೂ ಮರ ಮಾರುವ ಹೊಸ ಅಂಗಡಿಯಾಗಿತ್ತು.

ಜಾಗತೀಕರಣದ ಇನ್ನೊಂದು ಮುಖ ಕಸದಲ್ಲಿ ಕಾಣುತ್ತದೆ. ಶ್ರೀಮಂತ ದೇಶಗಳು ಮರುಬಳಕೆಯ ಹೆಸರಿನಲ್ಲಿ ಹಡಗು ಹತ್ತಿಸುತ್ತಿದ್ದ ಪ್ಲಾಸ್ಟಿಕ್ ತ್ಯಾಜ್ಯಕ್ಕೆ ಚೀನಾ 2018ರ ಆರಂಭದಿಂದ ಬಾಗಿಲು ಮುಚ್ಚಿತು. ತಿಂಗಳುಗಳಲ್ಲೇ ಆ ಹಡಗುಗಳು ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ, ಇಂಡೋನೇಷ್ಯಾಗಳತ್ತ ತಿರುಗಿದವು. ಮಲೇಷ್ಯಾ 2020ರ ಜನವರಿಯ ಹೊತ್ತಿಗೆ 150 ಕಂಟೇನರುಗಳನ್ನು ಹದಿಮೂರು ದೇಶಗಳಿಗೆ ವಾಪಸು ಕಳಿಸಿತ್ತು. 1989ರ ಬಾಸೆಲ್ ಒಪ್ಪಂದಕ್ಕೆ 2019ರಲ್ಲಿ ತಿದ್ದುಪಡಿಯಾಗಿ, ಕಲಬೆರಕೆ ಪ್ಲಾಸ್ಟಿಕ್ ಕಳಿಸಲು ಪಡೆಯುವ ದೇಶದ ಒಪ್ಪಿಗೆ ಮೊದಲೇ ಬೇಕೆಂಬ ನಿಯಮ 2021ರಿಂದ ಜಾರಿಗೆ ಬಂತು. ಬಿಗಿಯಾದ ಕಡೆಯಿಂದ ಸಡಿಲವಾದ ಕಡೆಗೆ ಹರಿಯುವುದು ಕಸದ ಸ್ವಭಾವ. ಒಬ್ಬರು ಬಾಗಿಲು ಮುಚ್ಚಿದಾಗ ಮುಂದಿನ ಬಾಗಿಲಿಗೆ ಬೀಗ ಹಾಕಲು ಮೂರು ವರ್ಷ ಹಿಡಿಯಿತು.

ನಿಕ್ಕಲ್ ಲೋಹದ ಕಥೆ ಇದಕ್ಕಿಂತ ಜಟಿಲವಾದದ್ದು, ಅದರಲ್ಲಿ ಯಾರನ್ನು ಬೈಯಬೇಕೆಂಬುದೂ ಸುಲಭವಾಗಿ ತಿಳಿಯುವುದಿಲ್ಲ. ವಿದ್ಯುತ್ ವಾಹನಗಳ ಬ್ಯಾಟರಿಗೂ ತುಕ್ಕುಹಿಡಿಯದ ಉಕ್ಕಿಗೂ ನಿಕ್ಕಲ್ ಬೇಕು, ಜಗತ್ತಿನ ಗಣಿಗಳಿಂದ ಬರುವ ನಿಕ್ಕಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಇಂಡೋನೇಷ್ಯಾದ್ದು. ಅದಿರನ್ನು ಹಾಗೆಯೇ ಹೊರಗೆ ಕಳಿಸಿ, ಲಾಭವೆಲ್ಲ ಬೇರೆಯವರ ಕಾರ್ಖಾನೆಗೆ ಹೋಗುವುದನ್ನು ನೋಡಿ ಬೇಸತ್ತ ಆ ದೇಶ 2020ರ ಜನವರಿಯಿಂದ ಅದಿರಿನ ರಫ್ತನ್ನು ನಿಷೇಧಿಸಿತು. ಅದಿರು ನಮ್ಮದು, ಕರಗಿಸುವ ಕೆಲಸವೂ ನಮ್ಮದಾಗಲಿ ಎಂಬ ಬೇಡಿಕೆ ನ್ಯಾಯವಾದದ್ದು. ಐರೋಪ್ಯ ಒಕ್ಕೂಟ ಇದನ್ನು ವಿಶ್ವ ವ್ಯಾಪಾರ ಸಂಸ್ಥೆಗೆ ಒಯ್ದು 2022ರಲ್ಲಿ ಗೆದ್ದಿತು. ಇಂಡೋನೇಷ್ಯಾ ಮೇಲ್ಮನವಿ ಹಾಕಿತು. ಆದರೆ ಸದಸ್ಯರ ನೇಮಕವಾಗದೆ ಮೇಲ್ಮನವಿ ಮಂಡಳಿ 2019ರ ಡಿಸೆಂಬರಿನಿಂದಲೇ ನಿಷ್ಕ್ರಿಯವಾಗಿದೆ, ಹಾಗಾಗಿ ತೀರ್ಪು ಜಾರಿಯಾಗದೆ ನಿಂತಿದೆ. ಈ ನಡುವೆ ಸುಲಾವೆಸಿ ದ್ವೀಪದ ಮೊರೊವಾಲಿಯಲ್ಲಿ, ಬಹುಪಾಲು ಚೀನೀ ಬಂಡವಾಳದಿಂದ, ಬೃಹತ್ ಕರಗುಕುಲುಮೆಗಳು ಎದ್ದು ನಿಂತವು. ಅವುಗಳಿಗೆ ವಿದ್ಯುತ್ ಬರುವುದು ಆವರಣದೊಳಗಿನ ಕಲ್ಲಿದ್ದಲು ಸ್ಥಾವರಗಳಿಂದ. ಹೊಸ ಕಲ್ಲಿದ್ದಲು ಸ್ಥಾವರಗಳಿಗೆ ತಡೆ ಹಾಕಿದ 2022ರ ಅಧ್ಯಕ್ಷೀಯ ಆದೇಶವೇ ಇಂಥ ಕೈಗಾರಿಕೆಗಳ ಸ್ವಂತ ಸ್ಥಾವರಗಳಿಗೆ ವಿನಾಯಿತಿ ಕೊಟ್ಟಿದೆ. ದೂರದ ನಗರವೊಂದರ ರಸ್ತೆಯಲ್ಲಿ ಹೊಗೆ ಬಿಡದೆ ಓಡುವ ಕಾರಿನ ಹೊಗೆ ಹೀಗೆ ಸುಲಾವೆಸಿಯ ಕರಾವಳಿಯಲ್ಲಿ ಮೊದಲೇ ಹೊರಬಿದ್ದಿರುತ್ತದೆ.

ಹಾಗಾದರೆ ಕೊಳ್ಳುವ ದೇಶಗಳು ತಮ್ಮ ಗಡಿಯಲ್ಲೇ ನಿಯಮ ಹಾಕಿದರೆ? ಐರೋಪ್ಯ ಒಕ್ಕೂಟ ಈಗ ಎರಡು ದೊಡ್ಡ ಪ್ರಯೋಗಗಳಿಗೆ ಕೈಹಾಕಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ರಸಗೊಬ್ಬರ, ಜಲಜನಕ ಮತ್ತು ವಿದ್ಯುತ್ತಿನ ಆಮದಿನ ಮೇಲೆ, ಅವುಗಳ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೆ ತಕ್ಕಂತೆ ಶುಲ್ಕ ವಿಧಿಸುವುದು ಒಂದು. 2023ರ ಅಕ್ಟೋಬರಿನಿಂದ ವರದಿ ಸಲ್ಲಿಕೆಯ ಹಂತ ನಡೆದು, 2026ರ ಜನವರಿಯಿಂದ ಶುಲ್ಕದ ಹೊಣೆ ಶುರುವಾಗಿದೆ. ಇತಿಹಾಸದುದ್ದಕ್ಕೂ ಹೆಚ್ಚು ಇಂಗಾಲ ಉಗುಳಿದವರು, ತಡವಾಗಿ ಕೈಗಾರಿಕೆ ಕಟ್ಟಿದವರಿಗೆ ಗಡಿಯಲ್ಲಿ ಬಿಲ್ಲು ಕೊಡುವುದು 1992ರ ರಿಯೊ ಶೃಂಗಸಭೆ ಒಪ್ಪಿದ ಭಿನ್ನ ಹೊಣೆಗಾರಿಕೆಯ ತತ್ತ್ವಕ್ಕೆ ವಿರುದ್ಧವೆಂದು ಭಾರತ, ಚೀನಾ ಮೊದಲಾದ ದೇಶಗಳು ಆಕ್ಷೇಪಿಸಿವೆ. ಆಕ್ಷೇಪದಲ್ಲಿ ಹುರುಳಿದೆ. ಆದರೂ ಈ ನಿಯಮದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ: ತಯಾರಿಸಿದ ದೇಶದಲ್ಲೇ ಇಂಗಾಲಕ್ಕೆ ಬೆಲೆ ತೆತ್ತಿದ್ದರೆ ಅಷ್ಟನ್ನು ಕಳೆದು ಲೆಕ್ಕ ಹಾಕಲಾಗುತ್ತದೆ. ಬ್ರಸೆಲ್ಸಿಗೆ ಹೋಗುವ ಹಣವನ್ನು ತನ್ನ ಖಜಾನೆಯಲ್ಲೇ ಉಳಿಸಿಕೊಳ್ಳುವ ದಾರಿ ದೇಶಕ್ಕೆ ತೆರೆದಿದೆ. ಭಾರತ 2023ರಲ್ಲಿ ಇಂಗಾಲ ಕ್ರೆಡಿಟ್ ವಹಿವಾಟಿನ, ಅಂದರೆ ಇಂಗಾಲ ಇಳಿಸಿದ ಲೆಕ್ಕವನ್ನು ಕೊಂಡು ಮಾರುವ, ಯೋಜನೆಯನ್ನು ಪ್ರಕಟಿಸಿತು, ಬ್ರೆಜಿಲ್ 2024ರಲ್ಲಿ ಇಂಗಾಲ ಮಾರುಕಟ್ಟೆಗೆ ಕಾನೂನು ಮಾಡಿತು, ಚೀನಾ ತನ್ನ ಇಂಗಾಲ ಮಾರುಕಟ್ಟೆಗೆ ಉಕ್ಕು, ಸಿಮೆಂಟು ಮತ್ತು ಅಲ್ಯೂಮಿನಿಯಂ ವಲಯಗಳನ್ನು ಸೇರಿಸಿದೆ. ಆದರೆ ಇವೆಲ್ಲಕ್ಕೂ ಪ್ರತಿ ಕುಲುಮೆಯ ಇಂಗಾಲದ ಲೆಕ್ಕ ಬೇಕು, ಆ ಲೆಕ್ಕವನ್ನು ನಂಬುವಂತಿರಬೇಕು. ಗುಜರಾತಿನ ತಪಾಸಕರ ಪಾಠ ಇಲ್ಲಿ ಮತ್ತೆ ಎದುರಾಗುತ್ತದೆ.

ಎರಡನೆಯದು ಕಾಡುನಾಶದ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ತಾಳೆ ಎಣ್ಣೆ, ಸೋಯಾ, ರಬ್ಬರು, ಮರ ಮತ್ತು ದನಕ್ಕೆ ಸಂಬಂಧಿಸಿದ ಉತ್ಪನ್ನಗಳು ಯುರೋಪಿನ ಮಾರುಕಟ್ಟೆಗೆ ಬರಬಾರದೆಂದು 2023ರ ಈ ಕಾನೂನು ಹೇಳುತ್ತದೆ. ಅದರ ಜಾರಿಯ ದಿನಾಂಕವನ್ನು ಮೊದಲು ಹೇಳಿದ 2024ರ ಕೊನೆಯಿಂದ ಮುಂದೂಡಲಾಗಿದೆ. ಉದ್ದೇಶ ಒಳ್ಳೆಯದು, ಭಾರ ಮಾತ್ರ ಸಮನಾಗಿ ಬೀಳುವುದಿಲ್ಲ. ಬೆಳೆದ ತುಂಡುಭೂಮಿಯ ಅಕ್ಷಾಂಶ ರೇಖಾಂಶ ಕೊಡಿ ಎಂದರೆ ಸಾವಿರಾರು ಹೆಕ್ಟೇರಿನ ತಾಳೆ ತೋಟದ ಕಂಪನಿಗೆ ಅದೊಂದು ಕಚೇರಿಯ ಕೆಲಸ. ಘಾನಾದಲ್ಲಿ ಎರಡು ಮೂರು ಹೆಕ್ಟೇರು ಕೋಕೋ ಬೆಳೆಯುವವನ ಬೀಜ ದಲ್ಲಾಳಿಯ ಚೀಲದಲ್ಲಿ ಇನ್ನು ಹತ್ತು ಜನರ ಬೀಜದ ಜೊತೆಗೆ ಬೆರೆತಿರುತ್ತದೆ. ಅವನ ಭೂಮಿಗೆ ಹಲವೆಡೆ ಸಂಪ್ರದಾಯದ ಹಕ್ಕಿದೆಯೇ ಹೊರತು ಕಾಗದವಿಲ್ಲ. ಭೂದಾಖಲೆ ಸರಿಪಡಿಸುವ ಸರ್ಕಾರ ಹಿಂದೆ ಬಿದ್ದಲ್ಲಿ ಕಾಡು ಕಡಿಯದ ಸಣ್ಣ ರೈತನೇ ಮಾರುಕಟ್ಟೆಯಿಂದ ಹೊರಬೀಳುವ ಭಯವಿದೆ. ಆಮದು ಮಾಡಿಕೊಳ್ಳುವ ದೇಶಗಳು ನಿಯಮ ಬರೆದಷ್ಟೇ ಶ್ರದ್ಧೆಯಿಂದ ಆ ದಾಖಲೆಗಳ ಖರ್ಚನ್ನೂ ಹಂಚಿಕೊಳ್ಳಬೇಕು. ಮಾಂಟ್ರಿಯಲ್ ಒಪ್ಪಂದ ಓಝೋನ್ ಪದರವನ್ನು ಉಳಿಸಿದ್ದು ಹಾಗೆ. 1987ರಲ್ಲಿ ನಿಯಮ ಬಂತು, ಬಡ ದೇಶಗಳಿಗೆ ಹೆಚ್ಚುವರಿ ಕಾಲಾವಕಾಶ ಸಿಕ್ಕಿತು, 1990ರಲ್ಲಿ ಅವುಗಳ ಖರ್ಚು ತುಂಬುವ ನಿಧಿಗೂ ಒಪ್ಪಿಗೆಯಾಯಿತು.

ವಿದೇಶಿ ಕಂಪನಿಗಳು ಸರ್ಕಾರದ ಮೇಲೆ ದಾವೆ ಹೂಡಲು ಬಿಡುವ ಹೂಡಿಕೆ ಒಪ್ಪಂದಗಳು ನಿಯಮ ಮಾಡುವ ಸ್ವಾತಂತ್ರ್ಯವನ್ನೇ ಹಿಡಿದಿಡುವುದೂ ಉಂಟು. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್ ಚಿನ್ನದ ಗಣಿಗೆ ಪರವಾನಗಿ ಕೊಡದಿದ್ದಾಗ ವಿದೇಶಿ ಕಂಪನಿಯೊಂದು 2009ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ಕೋಟ್ಯಂತರ ಡಾಲರ್ ಪರಿಹಾರ ಕೇಳಿತು. ಏಳು ವರ್ಷಗಳ ನಂತರ ದೇಶ ಗೆದ್ದಿತು, 2017ರಲ್ಲಿ ಲೋಹದ ಗಣಿಗಾರಿಕೆಯನ್ನೇ ನಿಷೇಧಿಸಿ ಜಗತ್ತಿಗೆ ಮೊದಲಿಗನಾಯಿತು. 2024ರ ಡಿಸೆಂಬರಿನಲ್ಲಿ ಅದೇ ದೇಶದ ಸಂಸತ್ತು ಆ ನಿಷೇಧವನ್ನು ರದ್ದುಮಾಡಿತು. ಹೊರಗಿನ ನ್ಯಾಯಮಂಡಳಿಯ ಎದುರು ಗೆದ್ದ ನಿಲುವು ಒಳಗಿನ ಮತದಾನದಲ್ಲಿ ಬಿತ್ತು.

ಮಾರುಕಟ್ಟೆ ತಾನಾಗಿ ಒಳ್ಳೆಯದನ್ನು ಹೊತ್ತು ತಂದಾಗಲೂ ಆಡಳಿತದ ಕೊರತೆ ಕಾಡುತ್ತದೆ. ಚೀನಾದ ಕಾರ್ಖಾನೆಗಳು ಸೌರ ಫಲಕಗಳ ಬೆಲೆಯನ್ನು ನೆಲಕ್ಕಿಳಿಸಿದ್ದರಿಂದ ಪಾಕಿಸ್ತಾನ 2024ರ ಒಂದೇ ವರ್ಷದಲ್ಲಿ ಸುಮಾರು 17 ಗಿಗಾವ್ಯಾಟ್ ಫಲಕಗಳನ್ನು ಆಮದು ಮಾಡಿಕೊಂಡಿತು. ಅದರ ಹಿಂದೆ ದೊಡ್ಡ ಸರ್ಕಾರಿ ಯೋಜನೆಯೇನೂ ಇರಲಿಲ್ಲ. ದುಬಾರಿ ದರ ಮತ್ತು ಕಡಿತದಿಂದ ರೋಸಿಹೋದ ಮನೆಯವರು, ರೈತರು, ಕಾರ್ಖಾನೆಯವರು ತಾವೇ ಕೊಂಡು ಛಾವಣಿಗೇರಿಸಿದರು. ಇಂಗಾಲದ ದೃಷ್ಟಿಯಿಂದ ಇದು ಸಂತೋಷದ ಸುದ್ದಿ. ಆದರೆ ವಿದ್ಯುತ್ ಕೊಂಡರೂ ಬಿಟ್ಟರೂ ಸ್ಥಾವರಗಳಿಗೆ ಸಾಮರ್ಥ್ಯ ಶುಲ್ಕ ಕಟ್ಟಬೇಕೆಂಬ ಹಳೆಯ ಕರಾರುಗಳು ಹಾಗೆಯೇ ಉಳಿದಿವೆ. ಫಲಕ ಕೊಳ್ಳಬಲ್ಲವರು ಗ್ರಿಡ್‌ನಿಂದ ಸರಿದಷ್ಟೂ ಆ ಶುಲ್ಕ ಫಲಕ ಕೊಳ್ಳಲಾರದವರ ಬಿಲ್ಲಿಗೆ ಬೀಳುತ್ತದೆ.

ಈ ಎಲ್ಲದರ ನಡುವೆ ಹೊಸದೊಂದು ಪ್ರಯತ್ನ ಶುರುವಾಗಿದೆ. 2025ರ ನವೆಂಬರಿನಲ್ಲಿ ಅಮೆಜಾನಿನ ಬೆಲೆಂ ನಗರದ ಹವಾಮಾನ ಸಮಾವೇಶದ ಹೊತ್ತಿಗೆ ಬ್ರೆಜಿಲ್ ಮುಂದಾಳಾಗಿ ಉಷ್ಣವಲಯದ ಕಾಡುಗಳಿಗೆ ಶಾಶ್ವತ ನಿಧಿಯೊಂದನ್ನು ಆರಂಭಿಸಿತು. ಬಂಡವಾಳವನ್ನು ಮಾರುಕಟ್ಟೆಯಲ್ಲಿ ಹೂಡಿ, ಬಂದ ಲಾಭದಿಂದ ನಿಂತಿರುವ ಕಾಡಿಗೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 4 ಡಾಲರ್ ಕೊಡುವುದು, ಕಡಿದ ಪ್ರತಿ ಹೆಕ್ಟೇರಿಗೂ ಪಾವತಿಯಲ್ಲಿ ಕಡಿತ ಮಾಡುವುದು ಅದರ ಕ್ರಮ. ಕಾಡು ಇದೆಯೋ ಇಲ್ಲವೋ ಎಂಬುದನ್ನು ಉಪಗ್ರಹ ಹೇಳುತ್ತದೆ. ಹಣದ ಕನಿಷ್ಠ ಐದನೇ ಒಂದು ಪಾಲು ಮೂಲನಿವಾಸಿಗಳಿಗೂ ಸ್ಥಳೀಯ ಸಮುದಾಯಗಳಿಗೂ ಮುಟ್ಟಬೇಕೆಂಬ ಷರತ್ತೂ ಇದೆ. ಎಲೆಯ ಹಸಿರು ಆಕಾಶದಿಂದ ಕಾಣುತ್ತದೆ. ಆ ಐದನೇ ಪಾಲು ರಾಜಧಾನಿಯ ಖಜಾನೆಯಿಂದ ಕಾಡಿನೊಳಗಿನ ಹಳ್ಳಿಯನ್ನು ತಲುಪಿತೇ ಎಂಬುದನ್ನು ಮಾತ್ರ ನೆಲದ ಮೇಲೆ ನಿಂತೇ ಲೆಕ್ಕ ಹಾಕಬೇಕು, ಆ ಲೆಕ್ಕದ ಪುಸ್ತಕ ಹಳ್ಳಿಯವರ ಕೈಗೂ ಸಿಗಬೇಕು.